ಕೆಲಸ ಕೊಟ್ಟ ಎಡಿಸನ್, ಪರೀಕ್ಷೆ ಇಟ್ಟ ಎಡಿಸನ್

ಕಳೆದ ತಿಂಗಳು ನಮ್ಮ ಕಾಲೇಜಿಗೆ ಒಂದು ಕಂಪನಿ ಇಂಟರ್ನ್‌ಶಿಪ್ ಆಯ್ಕೆಗೆ ಬಂದಿತ್ತು. ಮೊದಲ ಸುತ್ತು ಆನ್‌ಲೈನ್ ಟೆಸ್ಟ್. ಅರವತ್ತು ನಿಮಿಷ, ಅರವತ್ತು ಪ್ರಶ್ನೆ. ರೈಲು ಪ್ಲಾಟ್‌ಫಾರ್ಮ್ ದಾಟಲು ಎಷ್ಟು ಸೆಕೆಂಡ್ ಬೇಕು, ಒಬ್ಬ ಹನ್ನೆರಡು ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರು ಸೇರಿದರೆ ಎಷ್ಟು ದಿನದಲ್ಲಿ ಮುಗಿಸುತ್ತಾರೆ, ಈ ಚಿತ್ರದ ನಂತರ ಯಾವ ಚಿತ್ರ ಬರಬೇಕು... ಇಂಥವೇ. ನಾನು ನಲವತ್ತೊಂದನೇ ಪ್ರಶ್ನೆಯಲ್ಲಿದ್ದಾಗ ಸಮಯ ಮುಗಿದು ಸ್ಕ್ರೀನ್ ತಾನಾಗಿ ಮುಚ್ಚಿಕೊಂಡಿತು. ಸಂಜೆ ಬಂದ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡು ಸಲ ನೋಡಿದೆ. ನನ್ನ ಯುಎಸ್‌ಎನ್ ಇರಲಿಲ್ಲ.

ಬೇಸರಕ್ಕಿಂತ ಸಿಟ್ಟೇ ಹೆಚ್ಚು ಬಂತು. ಯಾಕೆಂದರೆ ಅದೇ ದಿನ ಬೆಳಿಗ್ಗೆ ಆ ಕಂಪನಿಯವರು ತೋರಿಸಿದ ಸ್ಲೈಡುಗಳ ತುಂಬ ಒಂದೇ ಮಾತಿತ್ತು: ಹೊಸದಾಗಿ ಯೋಚಿಸುವವರು ಬೇಕು, ಬದಲಾವಣೆಗೆ ಹೊಂದಿಕೊಳ್ಳುವವರು ಬೇಕು. ಅಂಥವರನ್ನು ರೈಲು ಮತ್ತು ಪ್ಲಾಟ್‌ಫಾರ್ಮಿನ ಲೆಕ್ಕದಿಂದ ಹೇಗೆ ಹುಡುಕುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಕೇಳೋಣ ಎಂದರೆ ಕೇಳಲು ಎದುರಿಗೆ ಯಾರೂ ಇರಲಿಲ್ಲ.

ಆ ವಾರ ಗ್ರಂಥಾಲಯದಲ್ಲಿ ಥಾಮಸ್ ಆಲ್ವಾ ಎಡಿಸನ್ನನ ಜೀವನ ಓದಲು ಕೂತೆ. ನಾನು ಎಲೆಕ್ಟ್ರಿಕಲ್ ವಿಭಾಗದವನು. ನಮ್ಮ ಮಷೀನ್ಸ್ ಲ್ಯಾಬಿನ ಗೋಡೆಯಲ್ಲಿ ಅವನ ಫೋಟೊ ಇದೆ. ಬಲ್ಬ್ ಕಂಡುಹಿಡಿದವನು ಎಂಬುದನ್ನು ಬಿಟ್ಟರೆ ಹೆಚ್ಚೇನೂ ಗೊತ್ತಿರಲಿಲ್ಲ. ಓದುತ್ತಾ ಹೋದಂತೆ ಸಂಶೋಧಕ ಎಡಿಸನ್ ಹಿಂದೆ ಸರಿದು, ಇನ್ನೊಬ್ಬ ಎಡಿಸನ್ ಕಾಣತೊಡಗಿದ. ಅವನು ಜನರನ್ನು ಆರಿಸಿ ಕೆಲಸಕ್ಕೆ ಇಟ್ಟುಕೊಂಡ ಎಡಿಸನ್. ನನ್ನ ಸಿಟ್ಟಿಗೆ ಅವನಲ್ಲಿ ಉತ್ತರ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿತು. ಆದರೆ ನಾನು ಬಯಸಿದ ಉತ್ತರವಲ್ಲ.

ಕೆಲಸ ಕಳೆದುಕೊಂಡ ಹುಡುಗ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೊ ರಾಜ್ಯದ ಮಿಲನ್ ಎಂಬ ಊರಿನಲ್ಲಿ. ಶಾಲೆಗೆ ಹೋದದ್ದು ಕೆಲವೇ ತಿಂಗಳು. ಆಮೇಲೆ ಮನೆಯಲ್ಲಿ ತಾಯಿಯೇ ಪಾಠ ಹೇಳಿದಳು. ಹನ್ನೆರಡನೇ ವಯಸ್ಸಿಗೆ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರುವ ಹುಡುಗನಾದ. ಲಗೇಜ್ ಡಬ್ಬಿಯ ಮೂಲೆಯಲ್ಲಿ ರಾಸಾಯನಿಕಗಳ ಸೀಸೆ ಜೋಡಿಸಿಕೊಂಡು ಪ್ರಯೋಗ ಮಾಡುತ್ತಿದ್ದ, ಅದೇ ರೈಲಿನಲ್ಲಿ ಸಣ್ಣದೊಂದು ಪತ್ರಿಕೆಯನ್ನೂ ಅಚ್ಚು ಹಾಕಿ ಮಾರಿದ. ಆ ವಯಸ್ಸಿನಲ್ಲೇ ಕಿವಿ ಮಂದವಾಗತೊಡಗಿತ್ತು.

1862ರಲ್ಲಿ ಒಂದು ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರರ ಪುಟ್ಟ ಮಗು ಹಳಿಯ ಮೇಲೆ ಆಡುತ್ತಿತ್ತು. ಉರುಳಿ ಬರುತ್ತಿದ್ದ ಡಬ್ಬಿಗೆ ಸಿಕ್ಕುವ ಮುನ್ನ ಎಡಿಸನ್ ಓಡಿಹೋಗಿ ಎತ್ತಿಕೊಂಡ. ಕೃತಜ್ಞತೆಯಿಂದ ಮಾಸ್ತರರು ಅವನಿಗೆ ಟೆಲಿಗ್ರಾಫ್ ಕಲಿಸಿದರು. ಆ ಕಾಲಕ್ಕೆ ಟೆಲಿಗ್ರಾಫ್ ಎಂದರೆ ಈಗಿನ ಕೋಡಿಂಗ್ ಇದ್ದ ಹಾಗೆ. ಬೆರಳು ಚುರುಕಾಗಿದ್ದರೆ ಯಾವ ಊರಿಗೆ ಹೋದರೂ ಕೆಲಸ ಸಿಗುತ್ತಿತ್ತು.

ಆದರೆ ಎಡಿಸನ್ ಒಳ್ಳೆಯ ನೌಕರನೇನೂ ಆಗಿರಲಿಲ್ಲ. 1867ರಲ್ಲಿ ಲೂಯಿವಿಲ್ ಎಂಬ ಊರಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಕೆಲಸದ ನಡುವೆ ಬ್ಯಾಟರಿಯ ಪ್ರಯೋಗಕ್ಕೆ ಕೈ ಹಾಕಿದ. ಆಸಿಡ್ ಚೆಲ್ಲಿತು. ಮರದ ನೆಲದ ಸಂದಿನಿಂದ ಇಳಿದು ಕೆಳಗಿನ ಮಹಡಿಯಲ್ಲಿದ್ದ ಮೇಲಧಿಕಾರಿಯ ಮೇಜಿನ ಮೇಲೆ ಬಿತ್ತು. ಮರುದಿನ ಕೆಲಸ ಹೋಯಿತು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅವನ ರೆಸ್ಯೂಮೆಯಲ್ಲಿ ಪದವಿ ಇಲ್ಲ, ಒಂದೇ ಕಡೆ ನಿಂತ ಅನುಭವ ಇಲ್ಲ, ಜತೆಗೆ ಕೆಲಸದಿಂದ ತೆಗೆದುಹಾಕಿದ ದಾಖಲೆ ಬೇರೆ.

ಮರುವರ್ಷ ಬೋಸ್ಟನ್ನಿಗೆ ಬಂದ. ಅಲ್ಲಿನ ಟೆಲಿಗ್ರಾಫ್ ಕಚೇರಿಯ ಮುಖ್ಯಸ್ಥರು ಐದು ನಿಮಿಷ ಮಾತನಾಡಿ ಅಂದೇ ಕೂರಿಸಿದರು. ಅವನ ಹಳೇ ಬಟ್ಟೆ, ಹಳ್ಳಿಗಾಡಿನ ವೇಷ ನೋಡಿ ಉಳಿದ ಆಪರೇಟರುಗಳು ತಮಾಷೆ ಮಾಡಲು ನಿರ್ಧರಿಸಿದರು. ಅವನೇ ಆಮೇಲೆ ನೆನಪಿಸಿಕೊಂಡ ಪ್ರಕಾರ, ನ್ಯೂಯಾರ್ಕಿನಿಂದ ಅತಿ ವೇಗವಾಗಿ ಸಂದೇಶ ಕಳಿಸುವವನನ್ನು ಬೇಕೆಂದೇ ಅವನ ತಂತಿಗೆ ಜೋಡಿಸಿದರು. ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದವು. ಎಡಿಸನ್ ಒಂದಕ್ಷರ ಬಿಡದೆ ಬರೆದುಕೊಂಡ. ನಿಜವಾದ ಸಂದರ್ಶನ ನಡೆದದ್ದು ಆ ಮೇಜಿನ ಮೇಲೆ.

1869ರಲ್ಲಿ ನ್ಯೂಯಾರ್ಕ್. ಕಿಸೆ ಖಾಲಿ, ಮೇಲೆ ಸಾಲ. ಚಿನ್ನದ ದರವನ್ನು ತಂತಿಯ ಮೂಲಕ ದಲ್ಲಾಳಿಗಳಿಗೆ ಮುಟ್ಟಿಸುವ ಕಂಪನಿಯೊಂದರ ಬ್ಯಾಟರಿ ಕೋಣೆಯಲ್ಲಿ ಪರಿಚಿತರೊಬ್ಬರ ದಯೆಯಿಂದ ಮಲಗುತ್ತಿದ್ದ. ಹಗಲು ಸುಮ್ಮನೆ ಕೂರದೆ ಆ ಯಂತ್ರ ಹೇಗೆ ಓಡುತ್ತದೆಂದು ನೋಡುತ್ತಿದ್ದ. ಒಂದು ದಿನ ಯಂತ್ರ ನಿಂತಿತು. ದಲ್ಲಾಳಿಗಳ ಕಚೇರಿಗಳಿಂದ ಓಡಿಬಂದ ಹುಡುಗರು ಬಾಗಿಲಲ್ಲಿ ಗಲಾಟೆ ಎಬ್ಬಿಸಿದರು. ಉಸ್ತುವಾರಿಯವರಿಗೆ ಕೈಕಾಲು ಆಡಲಿಲ್ಲ. ಒಂದು ಸ್ಪ್ರಿಂಗ್ ಮುರಿದು ಎರಡು ಹಲ್ಲುಚಕ್ರಗಳ ನಡುವೆ ಬಿದ್ದಿರುವುದನ್ನು ಎಡಿಸನ್ ತೋರಿಸಿದ, ತೆಗೆದ, ಯಂತ್ರ ನಡೆಸಿದ. ಕಂಪನಿಯ ಮಾಲೀಕ ಅವನಿಗೆ ತಿಂಗಳಿಗೆ 300 ಡಾಲರಿನ ಕೆಲಸ ಕೊಟ್ಟ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ನನಗಿಂತ ಎರಡು ವರ್ಷ ದೊಡ್ಡವನು, ಅಷ್ಟೇ.

ಇಲ್ಲಿಗೆ ಓದಿದಾಗ ನನಗೆ ಬಹಳ ಖುಷಿಯಾಯಿತು. ನೋಡಿ, ಯಾರೂ ಇವನಿಗೆ ರೈಲು–ಪ್ಲಾಟ್‌ಫಾರ್ಮ್ ಲೆಕ್ಕ ಕೇಳಲಿಲ್ಲ ಎಂದು ರೂಮ್‌ಮೇಟ್‌ಗೆ ಓದಿ ಹೇಳಿದೆ.

ಭಾಷೆ ಬಾರದಿದ್ದರೂ ಕೆಲಸ ಬರುತ್ತಿತ್ತು

1870ರ ಹೊತ್ತಿಗೆ ಎಡಿಸನ್ ನ್ಯೂಜೆರ್ಸಿಯ ನ್ಯೂವಾರ್ಕ್ ಪಟ್ಟಣದಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ. ಈಗ ಬೇರೆಯವರಿಗೆ ಕೆಲಸ ಕೊಡುವ ಸರದಿ ಅವನದು. ಯಾರನ್ನು ಆರಿಸಿದ ನೋಡಿ.

ಚಾರ್ಲ್ಸ್ ಬ್ಯಾಚಲರ್ ಇಂಗ್ಲೆಂಡಿನವನು. ನ್ಯೂವಾರ್ಕಿನ ನೂಲಿನ ಗಿರಣಿಗೆ ಯಂತ್ರಗಳನ್ನು ಕೂರಿಸಲು ಬಂದಿದ್ದ. ವಿದ್ಯುತ್ತಿಗೂ ಅವನಿಗೂ ಸಂಬಂಧವಿರಲಿಲ್ಲ. ಆದರೆ ಬೆರಳುಗಳು ಬಹಳ ಸೂಕ್ಷ್ಮ, ತಾಳ್ಮೆ ಅದಕ್ಕಿಂತ ಹೆಚ್ಚು. ಮುಂದೆ ಕೂದಲೆಳೆಯಷ್ಟು ತೆಳುವಾದ ಇಂಗಾಲದ ತಂತುವನ್ನು ಮುರಿಯದಂತೆ ಬಲ್ಬಿನೊಳಗೆ ಕೂರಿಸುವಾಗ ಎಡಿಸನ್ ನೆಚ್ಚಿದ್ದು ಈ ಗಿರಣಿ ಮೆಕ್ಯಾನಿಕ್ಕನ ಕೈಗಳನ್ನೇ.

ಜಾನ್ ಕ್ರೂಸಿ ಸ್ವಿಟ್ಜರ್ಲೆಂಡಿನವನು. ಅನಾಥಾಲಯದಲ್ಲಿ ಬೆಳೆದು, ಬೀಗ ಮಾಡುವ ಕೆಲಸ ಕಲಿತು, ಅಮೆರಿಕಕ್ಕೆ ಬಂದು ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ದುಡಿದವನು. ಎಡಿಸನ್ ಒರಟಾಗಿ ಗೀಚಿಕೊಟ್ಟ ಚಿತ್ರವನ್ನು ನೋಡಿ ಯಂತ್ರ ಮಾಡಿಕೊಡುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. 1877ರ ಕೊನೆಯಲ್ಲಿ ಎಡಿಸನ್ ಅಂಥದ್ದೇ ಒಂದು ಚಿತ್ರ ಕೊಟ್ಟ. ಕ್ರೂಸಿ ಕೆಲವೇ ದಿನಗಳಲ್ಲಿ ಒಂದು ಉರುಳೆ, ಒಂದು ಹಿಡಿ, ಒಂದು ಸೂಜಿ ಇರುವ ಯಂತ್ರ ಮಾಡಿ ತಂದಿಟ್ಟ. ಉರುಳೆಗೆ ತವರದ ಹಾಳೆ ಸುತ್ತಿ ಎಡಿಸನ್ ಮಕ್ಕಳ ಪದ್ಯವೊಂದನ್ನು ಹೇಳಿದ. ಯಂತ್ರ ಅದನ್ನು ತಿರುಗಿ ಹೇಳಿತು. ಜಗತ್ತಿನ ಮೊದಲ ಫೋನೊಗ್ರಾಫ್ ಅದು.

ಸಿಗ್ಮಂಡ್ ಬರ್ಗ್‌ಮನ್ ಜರ್ಮನಿಯಿಂದ ಬಂದಾಗ ಅವನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಎಡಿಸನ್ ಅವನ ಮಾತು ಕೇಳಲಿಲ್ಲ, ಅವನು ಮಾಡಿದ ವಸ್ತು ನೋಡಿದ. ಅದೇ ಬರ್ಗ್‌ಮನ್ ಮುಂದೆ ಎಡಿಸನ್ನನ ದೀಪಗಳಿಗೆ ಸಾಕೆಟ್, ಸ್ವಿಚ್ ತಯಾರಿಸುವ ಕಾರ್ಖಾನೆ ನಡೆಸಿದ. ಆಮೇಲೆ ಬರ್ಲಿನ್ನಿಗೆ ಮರಳಿ ತನ್ನದೇ ದೊಡ್ಡ ವಿದ್ಯುತ್ ಕಂಪನಿ ಕಟ್ಟಿದ. ಕನ್ನಡ ಮಾಧ್ಯಮದಲ್ಲಿ ಓದಿ, ಗ್ರೂಪ್ ಡಿಸ್ಕಷನ್ ಎಂದರೆ ಗಂಟಲು ಒಣಗುವ ನನ್ನಂಥವರು ಈ ಬರ್ಗ್‌ಮನ್‌ನ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಮೆನ್ಲೊ ಪಾರ್ಕಿನ ಮನೆ

1876ರಲ್ಲಿ ಎಡಿಸನ್ ನ್ಯೂಜೆರ್ಸಿಯ ಮೆನ್ಲೊ ಪಾರ್ಕ್ ಎಂಬ ಪುಟ್ಟ ಹಳ್ಳಿಗೆ ಹೋದ. ಎರಡು ಮಹಡಿಯ ಮರದ ಕಟ್ಟಡ ಕಟ್ಟಿಸಿ ಅದನ್ನೇ ಪ್ರಯೋಗಾಲಯ ಮಾಡಿದ. ಸಂಶೋಧನೆಯನ್ನೇ ಕಸುಬಾಗಿ ಮಾಡುವ ಒಂದು ತಂಡವನ್ನು ಸಂಬಳ ಕೊಟ್ಟು ಸಾಕಿದ್ದು ಅವನ ದೊಡ್ಡ ಸಾಧನೆ. ಬಲ್ಬಿಗಿಂತ ದೊಡ್ಡದು ಎಂದು ಹೇಳುವವರೂ ಇದ್ದಾರೆ. ಅಲ್ಲಿ ಗಡಿಯಾರ ನೋಡಿ ಕೆಲಸ ಮಾಡುವ ಪದ್ಧತಿ ಇರಲಿಲ್ಲ. ನಡುರಾತ್ರಿ ಎಲ್ಲರೂ ಕೆಲಸ ನಿಲ್ಲಿಸಿ ಒಟ್ಟಿಗೆ ಊಟ ಮಾಡುತ್ತಿದ್ದರು. ಮೂಲೆಯಲ್ಲಿದ್ದ ಪೈಪ್ ಆರ್ಗನ್ ಬಾರಿಸಿ ಹಾಡುತ್ತಿದ್ದರು. ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದರು.

ದೀಪದ ಕೆಲಸ ಶುರುವಾದದ್ದು 1878ರಲ್ಲಿ. ಆಗ ಎಡಿಸನ್ನನಿಗೆ ತನ್ನ ತಂಡದ ಕೊರತೆ ಗೊತ್ತಾಯಿತು. ಕೈಕೆಲಸದವರು ಬೇಕಾದಷ್ಟಿದ್ದರು, ಗಣಿತ ಬಲ್ಲವರು ಇರಲಿಲ್ಲ. ಕಾಲೇಜು ಓದಿದವರ ಬಗ್ಗೆ ಕೊಂಕು ನುಡಿಯುತ್ತಿದ್ದ ಎಡಿಸನ್, ಪ್ರಿನ್ಸ್‌ಟನ್ನಿನಲ್ಲಿ ಓದಿ ಬರ್ಲಿನ್ನಿನಲ್ಲಿ ಹೆಲ್ಮ್‌ಹೋಲ್ಟ್ಸ್‌ನಂಥ ವಿಜ್ಞಾನಿಯ ಬಳಿ ಕಲಿತು ಬಂದ ಫ್ರಾನ್ಸಿಸ್ ಅಪ್ಟನ್ ಎಂಬ ತರುಣನನ್ನು ಕರೆಸಿಕೊಂಡ.

ಅಪ್ಟನ್‌ನ ಬಗ್ಗೆ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಪೇರು ಹಣ್ಣಿನ ಆಕಾರದ ಬಲ್ಬಿನ ಒಳಗಿನ ಗಾತ್ರ ಎಷ್ಟೆಂದು ಎಡಿಸನ್ ಕೇಳಿದನಂತೆ. ಅಪ್ಟನ್ ಕಾಗದದ ಮೇಲೆ ವಕ್ರರೇಖೆ ಎಳೆದು ಕ್ಯಾಲ್ಕುಲಸ್ ಲೆಕ್ಕಕ್ಕೆ ಇಳಿದ. ಎಡಿಸನ್ ಬಲ್ಬಿಗೆ ನೀರು ತುಂಬಿ, ಆ ನೀರನ್ನು ಅಳತೆ ಜಾಡಿಗೆ ಸುರಿದು ಉತ್ತರ ಹೇಳಿದ. ಎಲ್ಲ ಮೋಟಿವೇಷನ್ ಭಾಷಣಗಳಲ್ಲೂ ಈ ಕಥೆ ಇಲ್ಲಿಗೆ ಮುಗಿಯುತ್ತದೆ. ಓದಿದವನು ಪೆದ್ದ, ಓದದವನು ಜಾಣ!

ಆದರೆ ಅಪ್ಟನ್ ಮಾಡಿದ ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಗಿನ ಬಲ್ಬುಗಳ ತಂತುವಿಗೆ ರೆಸಿಸ್ಟೆನ್ಸ್ ಕಡಿಮೆ, ಹಾಗಾಗಿ ಅವಕ್ಕೆ ಕರೆಂಟ್ ಹೆಚ್ಚು ಬೇಕು. ಅಂಥ ದೀಪಗಳಿಂದ ಒಂದು ಬಡಾವಣೆಯನ್ನು ಬೆಳಗಿಸಲು ಹೊರಟರೆ ತಾಮ್ರದ ತಂತಿಯ ಖರ್ಚಿನಲ್ಲೇ ಕಂಪನಿ ಮುಳುಗುತ್ತದೆ. ತಂತುವಿನ ರೆಸಿಸ್ಟೆನ್ಸ್ ಹೆಚ್ಚಿಸಿದರೆ ಕರೆಂಟ್ ಇಳಿಯುತ್ತದೆ, ತಂತಿ ತೆಳುವಾಗುತ್ತದೆ, ದೀಪ ಜನರ ಕೈಗೆಟಕುತ್ತದೆ. ಈ ದಾರಿ ಎಡಿಸನ್‌ಗೆ ಹೊಳೆದಿತ್ತು. ಅದನ್ನು ಅಂಕಿಗಳಲ್ಲಿ ಕಟ್ಟಿ ನಿಲ್ಲಿಸಲು ಅಪ್ಟನ್ ಬೇಕಾಯಿತು. ನೀರು ಸುರಿದು ಅಳೆಯಲಾಗದ ಗಾತ್ರಗಳೂ ಇವೆ.

1879ರ ಅಕ್ಟೋಬರಿನಲ್ಲಿ ಸುಟ್ಟು ಇಂಗಾಲವಾಗಿಸಿದ ಹತ್ತಿಯ ನೂಲು ಹದಿಮೂರು ಗಂಟೆಗೂ ಹೆಚ್ಚು ಕಾಲ ಬೆಳಗಿತು. ಅದರ ಹಿಂದೆ ಬ್ಯಾಚಲರನ ಬೆರಳುಗಳಿದ್ದವು, ಅಪ್ಟನ್‌ನ ಲೆಕ್ಕವಿತ್ತು, ಜರ್ಮನಿಯಿಂದ ಬಂದ ಬೋಹ್ಮ್ ಎಂಬ ಗಾಜು ಊದುವವನ ಉಸಿರಿತ್ತು. ಬಲ್ಬಿನೊಳಗಿನ ಗಾಳಿ ತೆಗೆಯುವ ಪಾದರಸದ ಪಂಪಿನ ಮುಂದೆ ನಿಂತಿದ್ದ ಫ್ರಾನ್ಸಿಸ್ ಜೆಲ್ ಎಂಬ ಹುಡುಗ ಅದಕ್ಕೆ ಮುಂಚೆ ವಕೀಲರ ಕಚೇರಿಯಲ್ಲಿ ಕೆಲಸಕ್ಕಿದ್ದವನು. ಆ ವರ್ಷದ ಡಿಸೆಂಬರ್ 31ರ ರಾತ್ರಿ ಮೆನ್ಲೊ ಪಾರ್ಕಿನ ದೀಪ ನೋಡಲು ಜನ ರೈಲು ಹತ್ತಿ ಬಂದರು.

ಎಡಿಸನ್ ಬರೀ ಸಂಬಳ ಕೊಟ್ಟು ಸುಮ್ಮನಾಗಲಿಲ್ಲ. ದೀಪದ ಲಾಭದಲ್ಲಿ ಬ್ಯಾಚಲರ್‌ಗೆ ನೂರಕ್ಕೆ ಹತ್ತು, ಅಪ್ಟನ್‌ಗೆ ಐದು ಪಾಲು ಕೊಟ್ಟ. ದೊಡ್ಡ ಹೊಣೆಯನ್ನೂ ಹಿಂದೆಮುಂದೆ ನೋಡದೆ ಹೊರಿಸುತ್ತಿದ್ದ. 1881ರಲ್ಲಿ ಲಂಡನ್ನಿನಿಂದ ಬಂದ ಇಪ್ಪತ್ತೊಂದು ವರ್ಷದ ಸ್ಯಾಮ್ಯುಯೆಲ್ ಇನ್ಸಲ್ ಅವನ ಕಾರ್ಯದರ್ಶಿಯಾಗಿ ಸೇರಿದ. ಕೆಲವೇ ವರ್ಷಗಳಲ್ಲಿ ಎಡಿಸನ್ನನ ಹಣಕಾಸು, ಕಾರ್ಖಾನೆ ಎರಡನ್ನೂ ನೋಡಿಕೊಳ್ಳುವ ಮಟ್ಟಕ್ಕೆ ಬೆಳೆದ. ಮುಂದೆ ಇಡೀ ಷಿಕಾಗೊ ನಗರಕ್ಕೆ ವಿದ್ಯುತ್ ಕೊಡುವ ಕಂಪನಿಯ ಮುಖ್ಯಸ್ಥನಾದ. ತಂತುವಿಗೆ ಒಳ್ಳೆಯ ಬಿದಿರು ಬೇಕಾದಾಗ ಎಡಿಸನ್ 1888ರಲ್ಲಿ ಜೇಮ್ಸ್ ರಿಕಾಲ್ಟನ್ ಎಂಬ ಊರಿನ ಶಾಲಾ ಮೇಷ್ಟ್ರನ್ನು ಹುಡುಕಾಟಕ್ಕೆ ಕಳಿಸಿದ. ಸುತ್ತಾಟದ ಹುಚ್ಚಿದ್ದ ಆ ಮೇಷ್ಟ್ರು ಸಿಲೋನ್, ಭಾರತ ಎಲ್ಲ ಸುತ್ತಿ ಬಿದಿರಿನ ಮಾದರಿಗಳೊಂದಿಗೆ ಮರಳಿದರು.

ಲೂಯಿಸ್ ಲ್ಯಾಟಿಮರ್ ಎಂಬ ಇನ್ನೊಬ್ಬನನ್ನು ಮರೆಯಬಾರದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ದಂಪತಿಯ ಮಗ. ಪೇಟೆಂಟ್ ವಕೀಲರ ಕಚೇರಿಯಲ್ಲಿ ಆಳಾಗಿ ಸೇರಿ, ಪಕ್ಕದಲ್ಲಿ ಡ್ರಾಯಿಂಗ್ ಬರೆಯುವವರನ್ನು ನೋಡಿ ನೋಡಿಯೇ ಕಲಿತ. ಬೆಲ್‌ನ ಟೆಲಿಫೋನ್ ಪೇಟೆಂಟಿನ ಚಿತ್ರಗಳನ್ನು ಬರೆದವನು ಅವನೇ. ಎಡಿಸನ್ನನ ಎದುರಾಳಿ ಕಂಪನಿಯಲ್ಲಿ ಬಲ್ಬಿನ ತಂತುವನ್ನು ಸುಧಾರಿಸಿದವನೂ ಹೌದು. 1884ರಲ್ಲಿ ಎಡಿಸನ್ನನ ಕಂಪನಿ ಅವನನ್ನು ಸೇರಿಸಿಕೊಂಡಿತು. ವಿದ್ಯುತ್ ದೀಪದ ಬಗ್ಗೆ 1890ರಲ್ಲಿ ಅವನು ಬರೆದ ಪುಸ್ತಕ ಆ ವಿಷಯದ ಮೊದಲ ಪುಸ್ತಕಗಳಲ್ಲಿ ಒಂದು.

ಕೈ ಜಾರಿದವನು

ಆದರೆ ಅದೇ 1884ರಲ್ಲಿ ಇನ್ನೊಬ್ಬ ಬಂದ, ಹೋದ. ಅವನು ನಿಕೊಲಾ ಟೆಸ್ಲಾ. ಎಡಿಸನ್ನನ ಪ್ಯಾರಿಸ್ ಕಂಪನಿಯಲ್ಲಿ ಕೆಲಸ ಮಾಡಿ, ಬ್ಯಾಚಲರನ ಮೆಚ್ಚುಗೆ ಗಳಿಸಿ ನ್ಯೂಯಾರ್ಕಿಗೆ ಬಂದಿದ್ದ. ಕೆಟ್ಟ ಜನರೇಟರುಗಳನ್ನು ರಾತ್ರಿಯೆಲ್ಲ ಕೂತು ಸರಿಪಡಿಸುವವನು. ಎಡಿಸನ್ ತರುಣನಾಗಿದ್ದಾಗ ಹೇಗಿದ್ದನೋ ಹಾಗೆಯೇ. ಆದರೆ ಅವನ ತಲೆಯಲ್ಲಿದ್ದದ್ದು ಎಸಿ ಮೋಟರ್. ಎಡಿಸನ್ನನ ಹಣ, ಹೆಸರು ಎರಡೂ ಇದ್ದದ್ದು ಡಿಸಿಯಲ್ಲಿ. ಸುಮಾರು ಆರು ತಿಂಗಳಿಗೆ ಟೆಸ್ಲಾ ಕೆಲಸ ಬಿಟ್ಟ. ಮುಂದೆ ಅವನ ಪೇಟೆಂಟುಗಳನ್ನು ವೆಸ್ಟಿಂಗ್‌ಹೌಸ್ ಕೊಂಡುಕೊಂಡ.

ಡಿಸಿ ವಿದ್ಯುತ್ತನ್ನು ಆಗ ಒಂದೆರಡು ಕಿಲೊಮೀಟರಿಗಿಂತ ದೂರ ಕಳಿಸುವುದು ಲಾಭದಾಯಕವಾಗಿರಲಿಲ್ಲ. ಎಸಿಯನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಏರಿಸಿ ನೂರಾರು ಕಿಲೊಮೀಟರ್ ಕಳಿಸಬಹುದಿತ್ತು. ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಈ ಮಾತನ್ನು ಎಡಿಸನ್ ಒಪ್ಪಲಿಲ್ಲ. ಎಸಿ ಕೊಲ್ಲುತ್ತದೆ ಎಂದು ಜನರನ್ನು ಹೆದರಿಸಲು ಅವನ ಪ್ರಯೋಗಾಲಯದಲ್ಲೇ ನಾಯಿಗಳಿಗೆ ಶಾಕ್ ಕೊಟ್ಟು ಕೊಂದು ತೋರಿಸಲಾಯಿತು. ಹೊಂದಿಕೊಳ್ಳುವವರನ್ನು ಹುಡುಕಿ ಹುಡುಕಿ ಕೆಲಸಕ್ಕೆ ಇಟ್ಟುಕೊಂಡ ಮನುಷ್ಯ ತಾನು ಹೊಂದಿಕೊಳ್ಳಬೇಕಾದ ಹೊತ್ತಿನಲ್ಲಿ ಹಟ ಹಿಡಿದ. 1892ರಲ್ಲಿ ಅವನ ಕಂಪನಿ ಇನ್ನೊಂದು ಕಂಪನಿಯೊಂದಿಗೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. ಹೆಸರಿನಿಂದ ಎಡಿಸನ್ ಮಾಯವಾದ.

ಈ ಕಥೆಯ ಬಾಲ ನಮ್ಮ ನಾಡಿಗೂ ಬಂದು ಮುಟ್ಟುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೊಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಆ ಜನರೇಟರುಗಳನ್ನು ಕಳಿಸಿದ್ದು ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆ. ಅನಾಥಾಲಯದಿಂದ ಬಂದ ಆ ಕ್ರೂಸಿಯೇ ಮುಂದೆ ನಿಂತು ನಡೆಸಿ ಬೆಳೆಸಿದ್ದ ಕಾರ್ಖಾನೆ ಅದು. ಅಲ್ಲಿಂದ ನಮಗೆ ಬಂದದ್ದು ಎಡಿಸನ್ ಬೇಡವೆಂದಿದ್ದ ಎಸಿ. ಕಂಪನಿ ಹೊಂದಿಕೊಂಡಿತು, ಸ್ಥಾಪಕ ಹೊಂದಿಕೊಳ್ಳಲಿಲ್ಲ.

ಇಂಟರ್‌ವ್ಯೂಗೆ ಬಂದ ಪ್ರಶ್ನೆಪತ್ರಿಕೆ

ಇನ್ನು ನನ್ನ ಖುಷಿಗೆ ಕಲ್ಲು ಬಿದ್ದ ಪುಟಕ್ಕೆ ಬರುತ್ತೇನೆ.

1921ರ ಹೊತ್ತಿಗೆ ಎಡಿಸನ್ನನಿಗೆ ಎಪ್ಪತ್ತನಾಲ್ಕು ವರ್ಷ. ವೆಸ್ಟ್ ಆರೆಂಜ್‌ನಲ್ಲಿ ದೊಡ್ಡ ಪ್ರಯೋಗಾಲಯ, ಸುತ್ತ ಕಾರ್ಖಾನೆಗಳು. ಮೇಲ್ದರ್ಜೆಯ ಹುದ್ದೆಗಳಿಗೆ ಕಾಲೇಜು ಪದವೀಧರರು ಸಾಲುಗಟ್ಟಿ ಬರುತ್ತಿದ್ದರು. ಎಲ್ಲರನ್ನೂ ವರ್ಕ್‌ಶಾಪಿನಲ್ಲಿ ನಿಲ್ಲಿಸಿ ನೋಡಲು ಪುರುಸೊತ್ತಿರಲಿಲ್ಲ. ಎಡಿಸನ್ ಒಂದು ಪ್ರಶ್ನೆಪತ್ರಿಕೆ ತಯಾರಿಸಿದ. ಅದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆ. ಫ್ರಾನ್ಸಿನ ಸುತ್ತ ಯಾವ ಯಾವ ದೇಶಗಳಿವೆ? ಗಾಜನ್ನು ಯಾವುದರಿಂದ ಮಾಡುತ್ತಾರೆ? ಲಾಗರಿದಮ್ ಕಂಡುಹಿಡಿದವರು ಯಾರು? ಅತ್ಯುತ್ತಮ ಹತ್ತಿ ಎಲ್ಲಿ ಬೆಳೆಯುತ್ತದೆ?

ಬಹುಪಾಲು ಅಭ್ಯರ್ಥಿಗಳು ಫೇಲಾದರು. ಕಾಲೇಜುಗಳು ಏನನ್ನೂ ಕಲಿಸುತ್ತಿಲ್ಲ ಎಂದು ಎಡಿಸನ್ ದೂರಿದ. ಪರೀಕ್ಷೆ ಬರೆದವನೊಬ್ಬ ಪ್ರಶ್ನೆಗಳನ್ನು ನೆನಪಿನಿಂದ ಬರೆದುಕೊಟ್ಟ, ಪತ್ರಿಕೆಗಳು ಅಚ್ಚು ಹಾಕಿದವು, ದೇಶವೆಲ್ಲ ಅದೇ ಚರ್ಚೆ. ಆ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನ್‌ಗೂ ಅದರಿಂದ ಬಿಡುಗಡೆ ಸಿಗಲಿಲ್ಲ. ಬೋಸ್ಟನ್ನಿನಲ್ಲಿ ಶಬ್ದದ ವೇಗ ಎಷ್ಟೆಂದು ಕೇಳಿದರು. ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು.

ಎಡಿಸನ್ನನ ವಾದವೂ ಪೂರ್ತಿ ಟೊಳ್ಳಲ್ಲ. ಓದುವ, ನೋಡುವ ಅಭ್ಯಾಸ ಇದ್ದವನ ತಲೆಯಲ್ಲಿ ಸಂಗತಿಗಳು ತಾವಾಗಿ ಉಳಿಯುತ್ತವೆ; ನೆನಪಿಲ್ಲದ ಮ್ಯಾನೇಜರ್ ತೀರ್ಮಾನ ಮಾಡುವ ಹೊತ್ತಿಗೆ ನಷ್ಟ ತರುತ್ತಾನೆ ಎಂಬುದು ಅವನ ನಿಲುವು. ಕೆಲವು ಪ್ರಶ್ನೆಗಳು ಯೋಚಿಸುವಂತೆಯೂ ಇದ್ದವು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಎಷ್ಟು? ನಾನು ರೂಮ್‌ಮೇಟ್‌ನನ್ನು ಕೇಳಿದೆ. ಏನಿದ್ದೀತು, ಎರಡು ಕೆ.ಜಿ. ಎಂದ. ಲೆಕ್ಕ ಹಾಕಿದೆವು. ಆರು ಸಾವಿರ ಘನ ಅಡಿ ಎಂದರೆ ಸುಮಾರು 170 ಘನ ಮೀಟರ್. ಒಂದು ಘನ ಮೀಟರ್ ಗಾಳಿಗೆ ಸುಮಾರು 1.2 ಕೆ.ಜಿ. ಒಟ್ಟು ಇನ್ನೂರು ಕೆ.ಜಿ.ಗೂ ಹೆಚ್ಚು! ಇಬ್ಬರೂ ಕೋಣೆಯ ಸೂರು ನೋಡಿದೆವು.

ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯಿತು. ಆ ಪ್ರಶ್ನೆಪತ್ರಿಕೆಯನ್ನು ನ್ಯೂವಾರ್ಕಿನ ವರ್ಕ್‌ಶಾಪಿನ ಬಾಗಿಲಲ್ಲಿ ಇಟ್ಟಿದ್ದರೆ ಇಂಗ್ಲಿಷ್ ಬಾರದ ಬರ್ಗ್‌ಮನ್ ಒಳಗೆ ಬರುತ್ತಿದ್ದನೆ? ಅನಾಥಾಲಯದ ಕ್ರೂಸಿ? ಬ್ಯಾಟರಿ ಕೋಣೆಯಲ್ಲಿ ಮಲಗುತ್ತಿದ್ದ ಎಡಿಸನ್ನನನ್ನು ಮುರಿದ ಸ್ಪ್ರಿಂಗಿನಿಂದ ಗುರುತಿಸಿದರು. ಅವನೇ ಮಾಲೀಕನಾಗಿ, ವಯಸ್ಸಾಗಿ, ಬಾಗಿಲಿಗೆ ಬಂದವರು ಹೆಚ್ಚಾದಾಗ ಫ್ರಾನ್ಸಿನ ಗಡಿ ಕೇಳಿದ. ಕೆಟ್ಟ ಮನಸ್ಸಿನಿಂದಲ್ಲ. ಸಮಯ ಇರಲಿಲ್ಲ, ಅಷ್ಟೇ. ನನ್ನನ್ನು ತಿರಸ್ಕರಿಸಿದ ಕಂಪನಿಯವರಿಗೂ ಬಹುಶಃ ಅಷ್ಟೇ.

1929ರಲ್ಲಿ ಎಡಿಸನ್ ಇನ್ನೊಂದು ಪರೀಕ್ಷೆ ನಡೆಸಿದ. ಪ್ರತಿ ರಾಜ್ಯದಿಂದ ಆರಿಸಿದ ಹುಡುಗರಿಗೆ, ವಿದ್ಯಾರ್ಥಿವೇತನಕ್ಕಾಗಿ. ಈ ಸಲ ವಿಜ್ಞಾನದ ಜತೆಗೆ ನಡತೆ, ಜೀವನದ ತೀರ್ಮಾನಗಳ ಬಗ್ಗೆಯೂ ಪ್ರಶ್ನೆಗಳಿದ್ದವು. ಗೆದ್ದ ವಿಲ್ಬರ್ ಹಸ್ಟನ್ ಎಂಬ ಹುಡುಗ ಎಂಐಟಿಯಲ್ಲಿ ಓದಿ, ಎಷ್ಟೋ ವರ್ಷಗಳ ನಂತರ ನಾಸಾದಲ್ಲಿ ಕೆಲಸ ಮಾಡಿದ. ಎರಡು ವರ್ಷದ ಬಳಿಕ, 1931ರ ಅಕ್ಟೋಬರ್ 18ರಂದು ಎಡಿಸನ್ ತೀರಿಕೊಂಡ. ಹೆಸರಿನಲ್ಲಿ 1,093 ಅಮೆರಿಕನ್ ಪೇಟೆಂಟುಗಳಿದ್ದವು. ಅವುಗಳ ಹಿಂದಿದ್ದ ಕೈಗಳನ್ನು ಎಣಿಸಿದವರಿಲ್ಲ.

ನಾನು ಇಟ್ಟ ಪರೀಕ್ಷೆ

ಪುಸ್ತಕ ಮುಚ್ಚಿದ ಮೇಲೆ ಸಿಟ್ಟು ಉಳಿಯಲಿಲ್ಲ, ನಾಚಿಕೆ ಉಳಿಯಿತು. ಕಾರಣ ಹೇಳಿಬಿಡುತ್ತೇನೆ.

ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಿಕ್ ಗೋ–ಕಾರ್ಟ್ ಕಟ್ಟುವ ವಿದ್ಯಾರ್ಥಿ ತಂಡವಿದೆ. ಕಳೆದ ಸೆಮಿಸ್ಟರಿನಲ್ಲಿ ಜೂನಿಯರುಗಳನ್ನು ಆರಿಸುವ ಹೊಣೆ ನನಗೆ ಬಂದಿತ್ತು. ಅರ್ಜಿ ಹಾಕಿದವರು ಎಪ್ಪತ್ತಕ್ಕೂ ಹೆಚ್ಚು, ಬೇಕಾದವರು ಆರು ಜನ. ಇಂಟರ್ನಲ್ಸ್ ಹತ್ತಿರ ಬಂದಿತ್ತು. ನಾನು ಗೂಗಲ್ ಫಾರ್ಮಿನಲ್ಲಿ ಮೂವತ್ತು ಪ್ರಶ್ನೆಗಳ ಕ್ವಿಜ್ ಮಾಡಿ ಹಾಕಿದೆ. ಮೋಟರಿನ ವಿಧಗಳು, ಫಾರ್ಮುಲಾಗಳು, ಕಂಡುಹಿಡಿದವರ ಹೆಸರುಗಳು. ಹೆಚ್ಚು ಅಂಕ ಬಂದ ಆರು ಜನರನ್ನು ತೆಗೆದುಕೊಂಡೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು ಎಂದು ಬೀಗಿದ್ದೆ.

ಬಿಟ್ಟುಹೋದವರಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಹುಡುಗನೊಬ್ಬನಿದ್ದ. ರಜೆಯಲ್ಲಿ ಊರಿನ ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವನು. ಪಂಪ್‌ಸೆಟ್ ಮೋಟರ್ ಸುಟ್ಟಿದೆಯೋ ಇಲ್ಲವೋ ಎಂದು ವಾಸನೆಯಲ್ಲೇ ಹೇಳುತ್ತಾನೆ ಎಂದು ಅವನ ಗೆಳೆಯರು ಆಮೇಲೆ ಹೇಳಿದರು. ನನ್ನ ಮೂವತ್ತು ಪ್ರಶ್ನೆಗಳಲ್ಲಿ ವಾಸನೆಯ ಬಗ್ಗೆ ಒಂದೂ ಇರಲಿಲ್ಲ. ಎರಡು ತಿಂಗಳ ನಂತರ ನಮ್ಮ ಕಾರ್ಟಿನ ಮೋಟರ್ ಬಿಸಿಯಾಗಿ ಪದೇ ಪದೇ ನಿಲ್ಲತೊಡಗಿತು. ಆರು ಜನ ಕ್ವಿಜ್ ಪ್ರವೀಣರೂ ನಾನೂ ಒಂದು ವಾರ ತಲೆ ಕೆರೆದುಕೊಂಡೆವು. ಹೊರಗೆ ಕೊಟ್ಟು, ದುಡ್ಡು ತೆತ್ತು ರಿಪೇರಿ ಮಾಡಿಸಿದೆವು. ಆಗಲೂ ಆ ಹುಡುಗನ ನೆನಪಾಗಲಿಲ್ಲ. ಎಡಿಸನ್ನನ ಪ್ರಶ್ನೆಪತ್ರಿಕೆಯ ಪುಟ ಓದುವಾಗ ನೆನಪಾಯಿತು.

ಹೋಗಿ ಮಾತನಾಡಿದೆ. ನಾನು ಮಾಡಿದ್ದು ಸರಿಯಿರಲಿಲ್ಲ, ಈಗ ತಂಡಕ್ಕೆ ಬರುತ್ತೀಯಾ ಎಂದು ಕೇಳಿದೆ. ಅವನು ಮುಜುಗರದಿಂದ ನಕ್ಕ. ಪರವಾಗಿಲ್ಲ ಅಣ್ಣ, ಈಗ ಸಂಜೆ ಹೊತ್ತು ಇಲ್ಲೇ ಒಂದು ವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದೇನೆ, ಫೀಸಿಗೆ ಆಗುತ್ತದೆ ಎಂದ. ಬರಲಿಲ್ಲ. ಟೆಸ್ಲಾ ಒಮ್ಮೆ ಹೋದ ಮೇಲೆ ಎಡಿಸನ್ನನ ಬಳಿಗೆ ತಿರುಗಿ ಬರಲಿಲ್ಲವಲ್ಲ, ಹಾಗೆ.

ಈ ಸೆಮಿಸ್ಟರಿನ ಆಯ್ಕೆಯಲ್ಲಿ ನಾವು ಕ್ವಿಜ್ ಪೂರ್ತಿ ಬಿಟ್ಟಿಲ್ಲ. ಅಪ್ಟನ್‌ನಂಥವರೂ ತಂಡಕ್ಕೆ ಬೇಕಲ್ಲ. ಆದರೆ ಅದಕ್ಕೆ ಅರ್ಧ ಅಂಕ ಮಾತ್ರ. ಉಳಿದ ಅರ್ಧಕ್ಕೆ ಲ್ಯಾಬಿನ ಮೇಜಿನ ಮೇಲೆ ಕೆಟ್ಟುನಿಂತ ಒಂದು ಕಂಟ್ರೋಲರ್, ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್ ಇಟ್ಟೆವು. ಇಬ್ಬಿಬ್ಬರಾಗಿ ಬರಬೇಕು, ಇಪ್ಪತ್ತು ನಿಮಿಷ. ಸರಿಯಾಗದಿದ್ದರೂ ಪರವಾಗಿಲ್ಲ, ಎಲ್ಲಿಂದ ಹುಡುಕಲು ಶುರುಮಾಡುತ್ತಾರೆ, ಜತೆಗಿರುವವನ ಮಾತು ಕೇಳುತ್ತಾರಾ, ಊಹೆ ತಪ್ಪಾದಾಗ ಏನು ಮಾಡುತ್ತಾರೆ ಎಂದಷ್ಟೇ ನೋಡುವುದು. ಮೂರು ಶನಿವಾರಗಳು ಹೋದವು. ಎಡಿಸನ್‌ಗೆ ಯಾಕೆ ಪುರುಸೊತ್ತಾಗಲಿಲ್ಲ ಎಂದು ಆಗ ಚೆನ್ನಾಗಿ ಅರ್ಥವಾಯಿತು.

ಮುಂದಿನ ವಾರ ಇನ್ನೊಂದು ಕಂಪನಿ ಬರುತ್ತಿದೆ. ಮೊದಲ ಸುತ್ತು ಮತ್ತೆ ಆಪ್ಟಿಟ್ಯೂಡ್ ಟೆಸ್ಟ್. ರೈಲು, ಪ್ಲಾಟ್‌ಫಾರ್ಮ್ ಲೆಕ್ಕಗಳನ್ನು ದಿನಕ್ಕೆ ಇಪ್ಪತ್ತರಂತೆ ಬಿಡಿಸುತ್ತಿದ್ದೇನೆ, ಬಿಡಿಸಲೇಬೇಕು. ಅದರ ಜತೆಗೆ ಸಂಜೆ ಒಂದು ಗಂಟೆ ಆ ವೈಂಡಿಂಗ್ ಅಂಗಡಿಯಲ್ಲಿ ಕೂರುತ್ತಿದ್ದೇನೆ. ಸುಟ್ಟ ಕಾಯಿಲ್ ಬಿಚ್ಚುವುದನ್ನು ಆ ಹುಡುಗ ಹೇಳಿಕೊಡುತ್ತಿದ್ದಾನೆ. ವಾಸನೆ ನೋಡಿ ಹೇಳುವುದು ಇನ್ನೂ ಬಂದಿಲ್ಲ.